ಮೆಟ್ಟಿಲ ಮೇಲೆ ಕೂತ ಹೆಂಗಸರು

ಕಾಪರ್ ಕೋವ್, ಮಿಶಿಗನ್
೧೯೮೪ ಜೂನ್ ೧೮, ಸೋಮವಾರ

ಪ್ರೀತಿಯ ಅರ್ವಿಡ್,

ಬೆನ್ನುನೋವು ಹೇಗಿದೆ? ನಿಮ್ಮ ಹಡಗಿನ ಅಡುಗೆಯವನು ಈಗಲಾದರೂ ಆಲೂಗಡ್ಡೆ ಬೇಯಿಸಿ ಬಡಿಸುತ್ತಿದ್ದಾನೋ, ಇಲ್ಲ ಅರೆಬೆಂದದ್ದನ್ನೇ ಅಗಿಯುತ್ತಿದ್ದೀರೋ? ನಾನು ಚೆನ್ನಾಗಿದ್ದೇನೆ. ಹಾಗಂದರೆ ಸಾಲದು, ಎರಡು ದಿನದಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಕೂತುಕೊಂಡು ಓದು.

ನಮ್ಮ ರೇಡಿಯೋ ಕೇಂದ್ರಕ್ಕೆ ಮೂವತ್ತೈದು ತುಂಬಿತೆಂದು ಅದರ ಚರಿತ್ರೆ ಟೈಪು ಮಾಡಲು ಎಲ್ಮರ್ ನನಗೆ ಹೇಳಿದ್ದನಲ್ಲ? ಹೋದ ವಾರ ಗೊತ್ತಾಯಿತು, ಅದು ಹುಟ್ಟುಹಬ್ಬಕ್ಕಲ್ಲ, ತಿಥಿಗೆ! ಡೆಟ್ರಾಯಿಟಿನ ಕಂಪನಿಯೊಂದು ಎಲ್ಮರ್‌ನಿಂದ ಕೇಂದ್ರವನ್ನು ಕೊಳ್ಳಲು ಬಂದಿತ್ತು. ಅವರು ಅಲ್ಲಿಂದ ಕಳಿಸಿದ ಟೇಪು ಇಲ್ಲಿ ತಿರುಗುತ್ತದೆ, ನಾವು ಮನೆಗೆ. "ನಂಗೆ ಎಪ್ಪತ್ತನಾಲ್ಕಾಯ್ತು ಕಣಮ್ಮ ಲೊರೆಟಾ. ಹಳೇ ಹಾಡು ಈಗ ಯಾರಿಗೆ ಬೇಕು?" ಅಂದುಬಿಟ್ಟ ಎಲ್ಮರ್. ಶನಿವಾರ ಹತ್ತೂವರೆಗೆ ಸಹಿ.

ಅಳುತ್ತಲೇ ಕೇಂದ್ರದ ಹಳೆಯ ದಿನಚರಿಗಳನ್ನು ಅಟ್ಟದಿಂದ ಇಳಿಸಿದೆ. ಹಾರ್ಡ್‌ವೇರ್ ಅಂಗಡಿಯ ಮೇಲೆ ಕೇಂದ್ರ ಶುರುವಾದ ದಿನ ಎಲ್ಮರ್ ಮೈಕು ಆರಿಸಲು ಮರೆತು, ಹೆಂಡತಿಯ ಮೀನಿನ ಸಾರನ್ನು ಬೈದದ್ದು ಇಡೀ ಊರಿಗೆ ಕೇಳಿಸಿತ್ತಂತೆ. ಒಬ್ಬಳೇ ನಕ್ಕೆ. ಆಮೇಲೆ ೧೯೬೮ರ ಪುಟ ಸಿಕ್ಕಿತು. "ಇಂದಿನಿಂದ ಹೊಸ ಹಾಡು ಮಾತ್ರ." ಆರು ದಿನ ಬಿಟ್ಟು, ಅವನದೇ ಕೈಬರಹ: "ಹನ್ನೊಂದು ಜನ ಹೆಂಗಸರು ಮೆಟ್ಟಿಲ ಮೇಲೆ ಕೂತಿದ್ದಾರೆ. ಏಳುತ್ತಿಲ್ಲ. ಮುಂದಾಳು ಔನೆ ನಿಸ್ಕನೆನ್. ಸೋತೆ. ಹಳೆಯದೇ ಹಾಕುತ್ತೇನೆಂದು ಮಾತು ಕೊಟ್ಟೆ."

ನಿನ್ನ ಅಮ್ಮ, ಅರ್ವಿಡ್! ಫಿನ್ನಿಷ್ ಹುಡುಗಿಯನ್ನು ಬಿಟ್ಟು ಇಟಾಲಿಯನ್ನರ ಬೀದಿಯವಳನ್ನು ನೀನು ಕಟ್ಟಿಕೊಂಡೆ ಅಂತ ನಾಲ್ಕು ವರ್ಷದಿಂದ ನನ್ನ ಮುಖ ನೋಡದವರು. "ಸವೆದ ಹಾಡಿನ ತಟ್ಟೆ ತಿರುಗಿಸೋದೂ ಒಂದು ಕೆಲಸವಾ?" ಅಂತ ಚರ್ಚಿನಲ್ಲಿ ನನ್ನನ್ನು ಆಡಿಕೊಳ್ಳುವವರು.

ಶುಕ್ರವಾರ ಧೈರ್ಯ ಮಾಡಿ ಅವರ ಬಾಗಿಲು ತಟ್ಟಿದೆ. ಒಳಗೆ ಕರೆಯಲಿಲ್ಲ. ದಿನಚರಿ ತೋರಿಸಿದೆ. ಬಾಗಿಲಲ್ಲೇ ನಿಂತು ಓದಿದರು, ಎರಡು ಸಲ. "ಗಣಿ ಮುಚ್ಚಿದ ವರ್ಷ ಅದು. ಗಂಡಸರೆಲ್ಲ ಕೆಲಸ ಹುಡುಕ್ಕೊಂಡು ಹೋಗಿದ್ರು. ಮನೇಲಿ ಗಂಡಸಿನ ದನಿ ಅಂತ ಇದ್ದದ್ದು ಆ ರೇಡಿಯೋ ಒಂದೇ. ಅದರಲ್ಲೂ ಗುರುತಿಲ್ಲದ ಹಾಡು ಬಂದ್ರೆ ಹೆಂಗೆ ಹೇಳು?" ಅಂದರು. ಆಮೇಲೆ ಕೇಳಿದರು, "ನಾಳೆ ಎಷ್ಟು ಗಂಟೆಗೆ ಸಹಿ?"

ಶನಿವಾರ ಬೆಳಿಗ್ಗೆ ಹತ್ತಕ್ಕೆ ಚರ್ಚಿನ ಟೋಪಿ ಹಾಕಿಕೊಂಡು, ಕೋಲೂರಿಕೊಂಡು ಹತ್ತಿ ಬಂದರು ನೋಡು! ಎಲ್ಮರ್ ಹವಾಮಾನ ಓದುತ್ತಿದ್ದ. ಮೈಕನ್ನು ತಮ್ಮ ಕಡೆ ಎಳೆದುಕೊಂಡು, "ಎಲ್ಮರ್ ಕಂಗಾಸ್, ನಮಗೆ ಕೊಟ್ಟ ಮಾತು ಮರೆತ್ಯಾ? ಕೇಳ್ತಿರೋರೆ, ಈ ಮುದುಕ ನಮ್ಮ ರೇಡಿಯೋನ ಮಾರ್ತಿದಾನೆ. ಮೊಣಕಾಲು ನೆಟ್ಟಗಿರೋರೆಲ್ಲ ಮೆಟ್ಟಿಲಿಗೆ ಬನ್ನಿ!" ಅಂದರು.

ಅರ್ಧ ಗಂಟೆಯಲ್ಲಿ ಮೆಟ್ಟಿಲು ತುಂಬಿ ಜನ ಬೀದಿಯಲ್ಲಿ ನಿಂತರು. ಏಲಕ್ಕಿ ಬ್ರೆಡ್ಡು, ಫ್ಲಾಸ್ಕಿನಲ್ಲಿ ಕಾಫಿ, ಎಲ್ಲವೂ ಬಂತು. ಕಂಪನಿಯವನು ಕೆಳಗೆ ನಿಂತು "ಸ್ವಲ್ಪ ದಾರಿ ಬಿಡಿ" ಎಂದರೆ, "ಅವಸರ ಏನಪ್ಪ, ಕೂತ್ಕೋ, ಬ್ರೆಡ್ ತಿನ್ನು" ಅಂತ ಕೈಗೆ ತುಂಡು ಕೊಟ್ಟರು! ಎಲ್ಮರ್ ಕಿಟಕಿಯಲ್ಲಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಯಾರಿಗೂ ಬೇಡ ಅಂದ್ಕೊಂಡಿದ್ದೆ" ಅಂತ ಮೂಗು ಒರೆಸಿಕೊಂಡು ಕೆಳಗಿಳಿದು, ಕಂಪನಿಯವನನ್ನು ಕಾರಿನ ತನಕ ಬಿಟ್ಟು ಬಂದ. ಸಹಿ ಇಲ್ಲ, ಮಾರಾಟ ಇಲ್ಲ!

ಗಾಳಿ ಜೋರಿದ್ದಾಗ ಡೆಕ್ಕಿನ ಮೇಲೆ ಹುಷಾರು. ಹಡಗಿನವರಿಗೆಲ್ಲ ನನ್ನ ನೆನಪು ಹೇಳು.

ನಿನ್ನವಳೇ,
ಲೊರೆಟಾ

ಮರೆತಿದ್ದೆ: ಮುಂದಿನ ಸೋಮವಾರದಿಂದ ಬೆಳಗಿನ ಕಾರ್ಯಕ್ರಮ ನನ್ನದು! ಬುಧವಾರಗಳಂದು ನಿನ್ನ ಅಮ್ಮನೂ ಜೊತೆಗೆ ಕೂರುತ್ತಾರೆ. ಒಂದೇ ಷರತ್ತು ಹಾಕಿದ್ದಾರೆ: "ಮೈಕಿನಲ್ಲಿ ನನ್ನನ್ನ ಮಿಸೆಸ್ ನಿಸ್ಕನೆನ್ ಅನ್ನಬೇಡ, ಊರು ನಗುತ್ತೆ." ನೀನು ಕರೆಯುವ ಹಾಗೆ ನಾನೂ ಅವರನ್ನು ನಿಮ್ಮ ಫಿನ್ನಿಷ್‌ನಲ್ಲಿ 'ಐತಿ' ಅನ್ನಬೇಕಂತೆ, ಅಮ್ಮ ಅಂತ!