ಕಲಿತ ಮೇಲೆ ಹಾರುವವನ ಅರ್ಜಿ

ಜುಲೈ ೯, ಮಂಗಳವಾರ

ಮ್ಯಾನೇಜರ್ ಮೇಡಂ ಅವರಿಗೆ, ಅಂದರೆ ನಿನಗೆ,

ನಾನು ಕ್ಷೇಮ. ಕೆಲಸ ಸಿಗಲಿಲ್ಲ. ಈ ಎರಡು ವಾಕ್ಯಗಳು ಅಕ್ಕಪಕ್ಕ ಕೂರುವುದಿಲ್ಲ ಎಂದು ಅನ್ನಿಸಿದರೆ, ನಿನಗೆ ಬೇಡವಾದದ್ದನ್ನು ಹೊಡೆದುಹಾಕಿಕೊಂಡು ಓದು.

ನಿನ್ನೆ ರಾತ್ರಿ ವಿಡಿಯೋ ಕಾಲಿನಲ್ಲಿ ನನ್ನನ್ನು ನೋಡಿ, ಅಪ್ಪ ಮುಖ ಊದಿಸಿಕೊಂಡು ಕೂತಿದ್ದಾರೆ, ಯಾಕೆ ಅಂತ ಬಾಯಿ ಬಿಡಲ್ಲ ಎಂದು ಮಗಳು ನಿನಗೆ ವರದಿ ಒಪ್ಪಿಸಿದ್ದಾಳಂತೆ. ಫೋನಿನಲ್ಲಿ ಹೇಳಹೊರಟರೆ ನಾನು ಮೂರನೇ ಮಾತಿಗೆ ಪ್ರಾಸ ಹುಡುಕುತ್ತೇನೆ, ನೀನು ನಾಲ್ಕನೇ ಮಾತಿಗೆ "ಕೌಂಟರ್ ಮುಂದೆ ಜನ ನಿಂತಿದಾರೆ ರೀ, ಇಡ್ತೀನಿ" ಅನ್ನುತ್ತೀಯ. ಅದಕ್ಕೇ ಕಾಗದ. ಇದರ ಮುಂದೆ ಯಾರೂ ಕ್ಯೂ ನಿಲ್ಲುವುದಿಲ್ಲ.

ಹೋದ ವಾರ ನಿನ್ನ ಬ್ಯಾಂಕಿಗೆ ಒಂದು ಫೋನ್ ಬಂದಿತ್ತು. ಶಾಲೆಗಳಿಗೆ ಪಾಠದ ಸಾಮಾನು ಮಾಡುವ ಕಾರ್ಖಾನೆಯವರು ನನ್ನ ವಿಷಯ ವಿಚಾರಿಸಿದರು. ನೀನು ಒಂದು ಮಾತು ಹೇಳಿದೆ. ಆ ಮಾತಿಗಾಗಿ ಈ ಕಾಗದ.

ಕಾರ್ಖಾನೆಯನ್ನು ನೀನು ನೋಡಬೇಕಿತ್ತು. ಒಂದು ಮೂಲೆಯಲ್ಲಿ ಭೂಗೋಳಗಳು ಇನ್ನೂ ಸಮುದ್ರ ಅಂಟಿಸಿಕೊಳ್ಳದೆ ಬೋಳು ತಲೆಗಳ ಹಾಗೆ ಒಣಗುತ್ತಿದ್ದವು. ಅಸ್ಥಿಪಂಜರಗಳು ಕೊಕ್ಕೆಗೆ ನೇತುಬಿದ್ದು ಆರ್ಡರಿಗಾಗಿ ಕಾಯುತ್ತಿದ್ದವು. ಕೆಲಸ ಕೇಳಲು ಬಂದವರಲ್ಲಿ ನನಗಿಂತ ಮೊದಲು ಬಂದವರು ಇವರೇ ಇರಬೇಕು ಅಂದುಕೊಂಡೆ. ಹಲಗೆಯ ಮೇಲೆ ಪ್ಲಾಸ್ಟರಿನ ಹೃದಯಗಳ ಸಾಲು. ಅವಕ್ಕೆ ಸಣ್ಣ ಕುಂಚದಲ್ಲಿ ನೀಲಿ ರಕ್ತನಾಳ ಬರೆಯುತ್ತಿದ್ದ ಹೆಂಗಸು, "ಮುಟ್ಬೇಡಿ, ಇನ್ನೂ ಹಸಿ ಇದೆ" ಅಂದಳು.

ಅವರಿಗೆ ಬೇಕಾಗಿದ್ದದ್ದು ಮೇಲ್ವಿಚಾರಕ. ಹೊರಗೆ ಹೋಗುವ ಒಂದೊಂದು ಸಾಮಾನನ್ನೂ ನೋಡಿ ಸರಿಯಿದೆ ಎನ್ನುವವನು. ವಯಸ್ಸು ನಲವತ್ತೈದು ಮೀರಿರಬಾರದು ಎಂದು ಜಾಹೀರಾತಿನಲ್ಲಿ ಹಾಕಿ, ಅನುಭವವಿದ್ದರೆ ಸಡಿಲಿಸಲಾಗುವುದು ಎಂದು ಕೆಳಗೆ ಸೇರಿಸಿದ್ದರು. ಆ ಸಾಲಿನ ಬಾಲ ಹಿಡಿದುಕೊಂಡು ನಾನು ಒಳಗೆ ಹೋಗಿದ್ದೆ. ಮಿಕ್ಕ ಕಡೆಗಳಲ್ಲಿ ಹುಟ್ಟಿದ ವರ್ಷ ನೋಡುತ್ತಲೇ ಅರ್ಜಿ ಮಡಚಿಡುತ್ತಾರೆ. ಬಾಗಿಲು ತೆರೆದದ್ದು ಇದೊಂದೇ.

ಕಾರ್ಖಾನೆಯ ಯಜಮಾನರು ವಯಸ್ಸಾದವರು, ನಗುಮುಖ. ಪಕ್ಕದಲ್ಲಿ ಅವರ ಸೊಸೆ, ಕೈಯಲ್ಲಿ ಕೆಂಪು ಪೆನ್ನು. "ಏನೇನು ಮಾಡಿದೀರಪ್ಪ?" ಎಂದು ಯಜಮಾನರು ಕೇಳಿದರು. ನನ್ನ ಕೆಲಸಗಳೆಲ್ಲ ಹೇಳಿದ ಮಾತು ಕೇಳುವ ಮಕ್ಕಳ ಹಾಗೆ ಅವತ್ತು ಮೊದಲ ಸಲ ಸಾಲಾಗಿ ನಿಂತವು. ಗೋಡೆಯ ಮೇಲಿನ ನಕ್ಷೆ ತೋರಿಸಿ, ಇದರ ಅಕ್ಷರವನ್ನೂ ನೋಡಬಲ್ಲೆ, ಬಣ್ಣವನ್ನೂ ನೋಡಬಲ್ಲೆ ಅಂದೆ. ಮುದ್ರಣಾಲಯದಲ್ಲಿ ಎರಡನ್ನೂ ಮಾಡಿದ್ದೆನಲ್ಲ. ಭೂಗೋಳದ ಮರದ ಕಾಲಿಗೆ ಪಾಲಿಶ್ ಒಂದೇ ಕೈ ಬಿದ್ದಿದೆ ಅಂದೆ. ಅದು ಬಡಗಿಯ ಶೆಡ್ಡಿನ ಪುಣ್ಯ. ಮಸೂರಗಳ ಪೆಟ್ಟಿಗೆ ತೆಗೆದು ಕೊಟ್ಟರು. ಬೆಳಕಿಗೆ ಹಿಡಿದು, ಅಂಚು ಚಕ್ಕೆ ಎದ್ದಿದ್ದನ್ನು ಬೇರೆ ಇಟ್ಟೆ. ಶಾಲೆಯ ಪ್ರಯೋಗಾಲಯದಲ್ಲಿದ್ದಾಗ ಯಾವ ವಯಸ್ಸಿನ ಮಕ್ಕಳು ಯಾವ ಸಾಮಾನನ್ನು ಎಲ್ಲಿಂದ ಹಿಡಿದು ಮುರಿಯುತ್ತಾರೆ ಎಂದು ನೋಡಿದ್ದೆ, ಅದನ್ನೂ ಹೇಳಿದೆ. ಯಜಮಾನರು ಹೊಟ್ಟೆ ಕುಲುಕುವಂತೆ ನಕ್ಕು, "ಇವರನ್ನ ನಮಗೋಸ್ಕರಾನೇ ಆರ್ಡರ್ ಕೊಟ್ಟು ಮಾಡಿಸಿದ ಹಾಗಿದೆಯಲ್ಲಮ್ಮಾ" ಎಂದು ಸೊಸೆಗೆ ಹೇಳಿದರು.

ಸೊಸೆ ನಗಲಿಲ್ಲ. "ಎಲ್ಲಾ ಸರಿ. ಆದ್ರೆ ಎಲ್ಲೂ ಮೂರು ವರ್ಷದ ಮೇಲೆ ನಿಂತಿಲ್ವಲ್ಲ, ಯಾಕೆ?"

ಒಂದು ಪದದ ಉತ್ತರ ಅದು. ವರ್ಗಾವಣೆ. ನನ್ನದಲ್ಲ, ಹೆಂಡತಿಯದು. ಬ್ಯಾಂಕಿನವರು ಅವಳನ್ನು ಎತ್ತಿ ಎಲ್ಲಿ ಇಟ್ಟರೋ ಅಲ್ಲಿ ನಾನು ಹೊಸ ಕೆಲಸ ಹುಡುಕಿಕೊಂಡೆ, ಸಿಕ್ಕಿದ್ದನ್ನು ಕಲಿತೆ. ಹೀಗೆಂದಿದ್ದರೆ ಆಕೆಯ ಕೆಂಪು ಪೆನ್ನು ಮೇಜಿನ ಮೇಲೆ ಮಲಗುತ್ತಿತ್ತು. ನಾನು ಹೇಳಿದ್ದು, "ಸ್ವಲ್ಪ ಆಸಕ್ತಿ ಜಾಸ್ತಿ ನನಗೆ" ಎಂದು. ನಾಲಿಗೆಗೆ ಆ ಇನ್ನೊಂದು ಮಾತಿನ ಅಭ್ಯಾಸವೇ ಇಲ್ಲ. ಯಾಕಿಲ್ಲ ಅನ್ನುವುದು ನಿನಗೆ ಗೊತ್ತು. ಗೊತ್ತಿತ್ತು ಅಂದುಕೊಂಡಿದ್ದೆ.

ನಿನ್ನ ಮೊದಲ ವರ್ಗಾವಣೆಯ ಊರಿನಲ್ಲಿ, ನಿನ್ನ ಶಾಖೆಯವರ ಊಟದ ಕೂಟ. ಆಗಿನ ದೊಡ್ಡ ಸಾಹೇಬರು ಎಲ್ಲರ ಎದುರಿಗೆ, "ಏನಮ್ಮಾ, ನಿನ್ನ ಸೂಟ್‌ಕೇಸಿನ ಜೊತೆ ಯಜಮಾನರನ್ನೂ ಎತ್ಕೊಂಡು ಬಂದ್ಯಾ?" ಅಂದರು. ನಿನ್ನ ಮುಖ ತಟ್ಟೆಯೊಳಗೆ ಇಳಿಯಿತು. ಆಗ ನಾನು, ನಾನಾಗಿಯೇ ಬಂದೆ ಸಾರ್, ನನ್ನ ಜಾಯಮಾನವೇ ಹಾಗೆ ಎಂದು ಹೇಳಿ, ಕೂತಲ್ಲೇ ಕಟ್ಟಿದ್ದು:

ಕಲಿಯೋ ತನಕ ಕೂರ್ತೀನಿ,
ಕಲಿತ ಮೇಲೆ ಹಾರ್ತೀನಿ.

ಎಲ್ಲರೂ ನಕ್ಕರು. ನಿನ್ನ ಮುಖ ಎದ್ದು ತನ್ನ ಜಾಗಕ್ಕೆ ಬಂತು. ಮನೆಗೆ ಬರುವಾಗ ದಾರಿಯಲ್ಲಿ ನನ್ನ ತೋಳು ಹಿಡಿದುಕೊಂಡು, ಥ್ಯಾಂಕ್ಸ್ ರೀ ಎಂದದ್ದು ನೀನೇ. ಆಮೇಲೆ ಪ್ರತಿ ಊರಿನಲ್ಲೂ ಹೊಸ ಸಾಹೇಬರು, ಅದೇ ಪ್ರಶ್ನೆ, ಅದೇ ಪದ್ಯ. ಕೊನೆಕೊನೆಗೆ ನೀನೇ "ರೀ, ಅದನ್ನ ಹೇಳ್ರೀ" ಅನ್ನುತ್ತಿದ್ದೆ. ಮಗಳು ಶಾಲೆಯಲ್ಲಿ ತಂದೆಯ ಉದ್ಯೋಗ ಏನೆಂದು ಕೇಳಿದಾಗ ಇದನ್ನೇ ರಾಗವಾಗಿ ಹಾಡಿ ಬಂದಿದ್ದಳು.

ನ್ಯಾಯವಾಗಿ ಹೇಳುತ್ತೇನೆ, ಬೇಕರಿಯ ಲೆಕ್ಕ ಬರೆಯುತ್ತಿದ್ದ ಊರನ್ನು ಬಿಡುವಾಗ ನನಗೂ ಖುಷಿಯಾಗಿತ್ತು. ಅದೊಂದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ ಸಸಿಗಳ ತೋಟ ಬಿಟ್ಟದ್ದು? ನಾನು ಕಟ್ಟಿದ ಕಸಿಗಳು ಚಿಗುರು ಬಿಡುವ ಮೊದಲೇ ಲಾರಿ ಬಂತು. ಇಷ್ಟು ಗಿಡ ಹಿಡಿದವು ಎಂದು ಆಮೇಲೆ ತೋಟದವನು ಕಾಗದ ಹಾಕಿದ. ನೀನು ಓದಿ, "ನೋಡಿ, ಅದೂ ಬಂತು ನಿಮಗೆ" ಎಂದು ಖುಷಿಪಟ್ಟೆ.

ಕೊನೆಯದು ಕನ್ನಡಕದಂಗಡಿ. ಅಂಗಡಿಯ ಮುದುಕ, ಇಲ್ಲೇ ನಿಲ್ಲೋದಾದರೆ ಪಾಲುದಾರನಾಗು ಅಂದಿದ್ದ. ಅದೇ ವಾರ ನಿನಗೆ ಬಡ್ತಿ, ಮತ್ತೆ ವರ್ಗ. ಒಂದು ವರ್ಷ ಸಮಯ ಕೊಡು, ಅಂಗಡಿ ಕೈಗೆ ಬರಲಿ, ಆಮೇಲೆ ನೋಡೋಣ ಅಂದೆ ನಾನು. ನೀನು ಸೀರೆ ಮಡಚುತ್ತಿದ್ದೆ. ತಲೆ ಎತ್ತದೆ, "ಕಲಿತಾಯ್ತಲ್ಲ, ಇನ್ನೇನಿದೆ ಅಲ್ಲಿ?" ಅಂದೆ. ತಮಾಷೆ ಅಂದುಕೊಂಡೆ. ನಿನ್ನ ಮುಖ ನೋಡಿದರೆ ತಮಾಷೆಯಿರಲಿಲ್ಲ. ನಾನು ಉಳಿದೆ, ನೀನು ಮಗಳನ್ನು ಕರೆದುಕೊಂಡು ಹೊರಟೆ. ಮುದುಕ ತೀರಿಕೊಂಡ ಮೇಲೆ ಅವನ ಮಗ ಅಂಗಡಿಯನ್ನು ಯಾರಿಗೋ ಕೊಟ್ಟುಬಿಟ್ಟ. ಅದು ಗೊತ್ತಾದಾಗ, ಬನ್ನಿ ಎಂದು ನೀನೂ ಅನ್ನಲಿಲ್ಲ, ಬರಲಾ ಎಂದು ನಾನೂ ಕೇಳಲಿಲ್ಲ.

ಇರಲಿ, ಸಂದರ್ಶನಕ್ಕೆ ಬರುತ್ತೇನೆ. ನಿಮ್ಮ ಕೆಲಸವನ್ನು ಹತ್ತಿರದಿಂದ ಬಲ್ಲವರು ಒಬ್ಬರ ಹೆಸರು ಕೊಡಿ, ವಿಚಾರಿಸುತ್ತೇವೆ ಎಂದಳು ಸೊಸೆ. ನಿನ್ನ ಹೆಸರು, ಹುದ್ದೆ, ಬ್ಯಾಂಕಿನ ನಂಬರು ಕೊಟ್ಟೆ. ಇವರು ನಿಮಗೆ ಏನಾಗಬೇಕು ಅಂದಳು. ಪರಿಚಿತರು ಅಂದೆ. ಹೆಂಡತಿಯ ಮಾತನ್ನು ಯಾರೂ ಸಾಕ್ಷಿಯೆಂದು ಎಣಿಸುವುದಿಲ್ಲ, ಬ್ಯಾಂಕ್ ಮ್ಯಾನೇಜರ್ ಮಾತಿಗೆ ಬೆಲೆ ಇದೆ. ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ನಾನು ಇಷ್ಟು ವರ್ಷ ನಿನಗಾಗಿ ನುಂಗಿಕೊಂಡ ಆ ಒಂದು ಪದವನ್ನು ನೀನೇ ತೆಗೆದು ಅವರ ಮುಂದೆ ಇಡುತ್ತೀಯ ಎಂದು. ನಿನಗೆ ಮೊದಲೇ ಫೋನ್ ಮಾಡಿ ಹೇಳಿಕೊಡಬಹುದಿತ್ತು. ಹೇಳಿಕೊಟ್ಟು ಹೇಳಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ನಿನ್ನೆ ಯಜಮಾನರೇ ಫೋನ್ ಮಾಡಿದರು. "ತಪ್ಪು ತಿಳ್ಕೋಬೇಡಿ. ನಿಮ್ಮ ಪರಿಚಯದ ಮೇಡಂ ತುಂಬಾ ಒಳ್ಳೇದು ಹೇಳಿದ್ರು. ಬುದ್ಧಿವಂತರು, ಕೈ ಶುದ್ಧ, ಏನು ಕೊಟ್ರೂ ಕಲೀತಾರೆ ಅಂದ್ರು. ಆಮೇಲೆ ನಗ್ತಾ ನಗ್ತಾ ಒಂದು ಪದ್ಯ ಹೇಳಿದ್ರಂತೆ, ನೀವೇ ಕಟ್ಟಿದ್ದಂತೆ. ನಮ್ಮ ಸೊಸೆ ಅದನ್ನೇ ಹಿಡ್ಕೊಂಡ್ಲು ನೋಡಿ. ನಾವು ಕಲಿಸೋದು, ನೀವು ಹಾರೋದು, ಕಷ್ಟ ಅಲ್ವಾ?" ತಕ್ಕಡಿ ಕಂಪನಿಯಲ್ಲಿ ಇಡೀ ವಯಸ್ಸನ್ನು ಒಂದೇ ಕುರ್ಚಿಯಲ್ಲಿ ಕಳೆದ ಒಬ್ಬರನ್ನು ತೆಗೆದುಕೊಂಡಿದ್ದಾರಂತೆ. ಪದ್ಯ ಮಾತ್ರ ಚೆನ್ನಾಗಿದೆ ಎಂದು ಹೊಗಳಿ ಫೋನ್ ಇಟ್ಟರು. ನನ್ನ ಕವಿತೆಗೆ ಸಿಕ್ಕ ಮೊದಲ ವಿಮರ್ಶೆ.

ನೀನು ಬೇಕೆಂದು ಕೆಡಿಸಿದೆ ಎಂದು ನಾನು ಅಂದುಕೊಂಡಿಲ್ಲ. ಅಂದುಕೊಳ್ಳಲು ಆಗಿದ್ದರೆ ಹಗುರವಾಗುತ್ತಿತ್ತು; ಒಂದು ಜಗಳ ಆಡಿ ಮುಗಿಸಬಹುದಿತ್ತು. ನೀನು ಅದನ್ನು ನಂಬಿದ್ದೀಯ. ನಿನ್ನ ಸಾಹೇಬರು ನಂಬಲಿ ಎಂದು ಕಟ್ಟಿದ ಸುಳ್ಳನ್ನು, ಅದನ್ನು ಕಟ್ಟುವಾಗ ಪಕ್ಕದಲ್ಲೇ ಕೂತಿದ್ದ ನೀನು ಯಾವಾಗಲೋ ನಂಬಿಬಿಟ್ಟಿದ್ದೀಯ. ನಗುತ್ತಾ ಹೇಳಿದೆಯಂತೆ. ಆ ನಗು ನನಗೆ ಗೊತ್ತು. ಅದು ನನ್ನ ಮೇಲೆ ಪ್ರೀತಿ ಬಂದಾಗ ನೀನು ನಗುವ ನಗು. ಅದಕ್ಕೇ ಸಹಿಸಲಾಗುತ್ತಿಲ್ಲ.

ಇಸ್ತ್ರಿ ಅಂಗಡಿಯ ಮೇಲಿನ ಈ ಕೋಣೆಗೆ ಹಗಲೆಲ್ಲ ಕೆಳಗಿನ ಹಬೆ ಬರುತ್ತದೆ. ಮೇಜಿಲ್ಲ. ನಮ್ಮ ಹಳೇ ರಟ್ಟಿನ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಅದರ ಮೈಮೇಲೆ ನನ್ನದೇ ಅಕ್ಷರ: ಅಡುಗೆಮನೆ, ಒಡೆಯುವಂಥದ್ದು. ಅದನ್ನು ಹೊಡೆದು ಪುಸ್ತಕ, ಅದನ್ನೂ ಹೊಡೆದು ಮಗಳ ಸಾಮಾನು. ಅವರು ಅರ್ಜಿಯ ಬದಲು ಈ ಪೆಟ್ಟಿಗೆ ನೋಡಿದ್ದರೆ ಸಾಕಾಗಿತ್ತು.

ಮಗಳಿಗೆ ಅಪ್ಪನ ಮುಖದ ಊತ ಇಳಿದಿದೆ ಎಂದು ಹೇಳು. ಉಳಿದದ್ದು ಬೇಡ.

ಇಂತಿ,
ನಿನ್ನ ಸಾಮಾನು ಕಟ್ಟುತ್ತಿದ್ದವನು

ಮರೆತ ಮಾತು: ಪುಸ್ತಕಗಳಿಗೆ ರಟ್ಟು ಕಟ್ಟುವ ಒಂದು ಜಾಗಕ್ಕೆ ಇವತ್ತು ಬೆಳಿಗ್ಗೆ ಅರ್ಜಿ ಹಾಕಿ ಬಂದೆ. ಅವರೂ ನನ್ನ ಕೆಲಸ ಬಲ್ಲವರ ಹೆಸರು ಕೇಳಿದ್ದಾರೆ. ನಿನ್ನದೇ ಕೊಟ್ಟಿದ್ದೇನೆ. ಹಟಕ್ಕಲ್ಲ. ಎಷ್ಟು ಯೋಚಿಸಿದರೂ, ಎಲ್ಲ ಊರುಗಳಲ್ಲೂ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವುದನ್ನು ನೋಡಿದವರು ಬೇರೆ ಯಾರೂ ಇಲ್ಲ. ಏನಾಗಬೇಕು ಎನ್ನುವಲ್ಲಿ ಈ ಸಲ ಪರಿಚಿತರು ಎಂದು ಬರೆಯಲಿಲ್ಲ, ಹೆಂಡತಿ ಎಂದೇ ಬರೆದಿದ್ದೇನೆ. ಅದು ತಪ್ಪಾಗಿದ್ದರೆ, ಅವರಿಗೆ ಹೇಳುವ ಮೊದಲು ನನಗೆ ಹೇಳು.