ಗುಂಗುರು ಕೂದಲಿನ ಭಾನುವಾರಗಳು

ಜೂನ್ ೯, ಭಾನುವಾರ
ಇವತ್ತೂ ಬಾಚಣಿಗೆಯ ಹಲ್ಲು ಮುರಿಯಿತು. ಚಿತ್ರಾ ಅತ್ತಳು, ಅವ್ವ ಬೈದಳು, ತಿಂಡಿ ಆರಿತು. ಎಂಟು ವರ್ಷದ ತಲೆಯಲ್ಲಿ ಇಷ್ಟು ಗುಂಗುರು! ಅವಳಮ್ಮನದೇ, ನಮ್ಮಕ್ಕ ಸರಸಳದೇ ಕೂದಲು. ಅಕ್ಕ ಹೋಗಿದ್ದು ಯುಗಾದಿ ಆದಮೇಲೆ. ಡೆಂಗಿ ಜ್ವರ — ತುಮಕೂರಿನ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ... ಭಾವ ಯೋಗೀಶನಿಗೆ ಬಲಸಮುದ್ರದ ಸೋಲಾರ್ ಪಾರ್ಕಿನಲ್ಲಿ ಶಿಫ್ಟ್ ಡ್ಯೂಟಿ. ಮಗು ಮಧುಗಿರಿಗೆ, ನಮ್ಮ ಹತ್ತಿರ.
"ಕತ್ತರಿಸ್ಬುಡು ವನಜಾ. ನಿಂಗೂ ಸುಖ, ಅದ್ಕೂ ಸುಖ" — ಅವ್ವ.
ಚಿತ್ರಾ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.

ಜೂನ್ ೧೪, ಸಂಜೆ
ಆಫೀಸಿನ ಲೋಹಿತಾ ಹೇರ್ ಸ್ಟ್ರೈಟ್ನರ್ ಕೊಟ್ಟಿದ್ದಳು. ಪ್ಲಗ್ ಹಾಕಿದ್ದೇ ತಡ, ಚಿತ್ರಾ ಗೋಡೆಗೆ ಒತ್ತಿಕೊಂಡು ನಿಂತಳು.
"ಬ್ಯಾಡ ಚಿಕ್ಕಮ್ಮ. ಸುಟ್ಟೋಯ್ತದೆ. ಸುಟ್ರೆ ಮತ್ತೆ ಸುರುಳಿ ಬರಲ್ಲ ಅಂತಿದ್ಲು ಅಮ್ಮ."
"ಅಮ್ಮ ಹೆಂಗ್ ಮಾಡ್ತಿದ್ಲು? ನೀನೇ ಹೇಳು."
ಇಲ್ಲಿಗೆ ಬಂದಮೇಲೆ ಅಮ್ಮನ ಬಗ್ಗೆ ಯಾರೂ ಅವಳನ್ನು ಕೇಳಿರಲಿಲ್ಲ. ಊಟದ ತನಕ ಮಾತಾಡಿದಳು.

ಜೂನ್ ೧೬, ಭಾನುವಾರ
ಚಿತ್ರಾ ಹೇಳಿದಂತೆಯೇ ಅಗಸೆ ಬೀಜ ಕುದಿಸಿ, ಲೋಳೆ ಬಿಟ್ಟಮೇಲೆ ಅಪ್ಪನ ಹಳೇ ಪಂಚೆಯಲ್ಲಿ ಸೋಸಿದೆ. ಮೊದಲ ಸಲ ಗಟ್ಟಿಯಾಗಿ ಬಟ್ಟೆಯಿಂದ ಇಳಿಯಲೇ ಇಲ್ಲ. ಮತ್ತೆ ಮಾಡಿದೆ. ಕೂದಲು ಒದ್ದೆಯಿರುವಾಗಲೇ ತುದಿಯಿಂದ ಮೇಲಕ್ಕೆ, ಬೆರಳಲ್ಲೇ ಸಿಕ್ಕು ಬಿಡಿಸಬೇಕು. ಲೋಳೆ ಸವರಿ ಅಂಗೈಯಲ್ಲಿ ಮೆಲ್ಲಗೆ ಹಿಚುಕಬೇಕು. ಟವೆಲ್ ಬೇಡ — ಹಳೇ ಟೀಶರ್ಟ್. ಆಮೇಲೆ ಮುಟ್ಟುವಂತಿಲ್ಲ, ನೆರಳಲ್ಲಿ ತಾನೇ ಒಣಗಬೇಕು.
ಒಣಗಿತು. ಬಾಗಿಲಲ್ಲಿ ನಿಂತವಳನ್ನು ನೋಡಿ ಅವ್ವ ಮೊರ ಕೆಳಗಿಟ್ಟಳು. "ನಮ್ ಸರಸಿ..." ಅಂದವಳೇ ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ.

ಸೆಪ್ಟೆಂಬರ್ ೧
ಬರೆಯಲು ಪುರುಸೊತ್ತಿಲ್ಲ. ಭಾನುವಾರವೆಲ್ಲ ಕೂದಲಿಗೇ. ಈಗೀಗ ಸಿಕ್ಕು ಬಿಡಿಸುವಾಗ ನನ್ನ ತೊಡೆ ಮೇಲೆ ನಿದ್ದೆ ಹೋಗುತ್ತಾಳೆ. ನನ್ನ ಮಗಳೇ ಅಂದುಕೊಂಡುಬಿಟ್ಟಿದ್ದೇನೆ — ಬರೆಯಲೂ ಭಯ.

ನವೆಂಬರ್ ೧೮
ಭಾವ ಬಂದಿದ್ದರು. ಅವರಿಗೆ ಮತ್ತೆ ಮದುವೆ ಗೊತ್ತಾಗಿದೆಯಂತೆ, ಈ ತಿಂಗಳ ಕೊನೆಗೇ. ದಾಸಮ್ಮ ಅಂತ, ಪಾವಗಡದ ಕಡೆಯವಳು.
"ಮಗೀನ ಕರ್ಕೊಂಡೋಯ್ತೀನಿ ವನಜಾ. ಅಪ್ಪ ಇದ್ದೂ ಇಲ್ದಂಗೆ ಎಷ್ಟ್ ದಿನ ಇರ್ತದೆ ಅದು?"
ಅವರ ಕಣ್ಣಲ್ಲೂ ನೀರು. ಬೇಡ ಅನ್ನಲು ನಾನ್ಯಾರು. ಕಾಫಿ ಮಾಡಿಕೊಟ್ಟೆ.

ಡಿಸೆಂಬರ್ ೮, ಭಾನುವಾರ
ಹೋದಳು. ಬಸ್ಸಿನ ಕಿಟಕಿಯಲ್ಲಿ ಕೂದಲೆಲ್ಲ ಗಾಳಿಗೆ ಹಾರುತ್ತಿತ್ತು. ಕಟ್ಟಿ ಕಳಿಸಬೇಕಿತ್ತು.

ಡಿಸೆಂಬರ್ ೨೨, ಭಾನುವಾರ
ದಾಸಮ್ಮನ ಫೋನ್. ಸಣ್ಣ ದನಿ. "ಅಕ್ಕಾ, ಪಾಪ ಜುಟ್ಟು ಮುಟ್ಟಾಕೇ ಬುಡ್ತಿಲ್ಲ. ನೀವು ಹೆಂಗ್ ಮಾಡ್ತಿದ್ರಿ?"
ಒಳ್ಳೆಯ ಹೆಂಗಸು. ದ್ವೇಷಿಸೋಣವೆಂದರೂ ಆಗಲಿಲ್ಲ. ಅಕ್ಕ ಮಾಡುತ್ತಿದ್ದುದನ್ನೆಲ್ಲ ಹೇಳಿಕೊಟ್ಟೆ, ಒಂದೂ ಬಿಡದೆ. ಸ್ಪೀಕರ್ ಹಾಕಿಟ್ಟು ಅವಳು ಸಿಕ್ಕು ಬಿಡಿಸತೊಡಗಿದಳು. ನೀರು ತೊಟ್ಟಿಕ್ಕುವ ಸದ್ದು. ಆಮೇಲೆ ಚಿತ್ರಾಳ ದನಿ —
"ಚಿಕ್ಕಮ್ಮ, ಮೆಲ್ಲಗೆ... ನೋಯ್ತೈತೆ."
"ಆಯ್ತು ಕಣವ್ವ, ಆಯ್ತು" ಅಂದೆ.
ಅದೇ ಗಳಿಗೆಗೆ ಅಲ್ಲಿಂದ ದಾಸಮ್ಮನೂ "ಆಯ್ತಮ್ಮ" ಅಂದಳು.
ಚಿತ್ರಾ ಕರೆದದ್ದು ಅವಳನ್ನು. ಅಪ್ಪನ ಹೊಸ ಹೆಂಡತಿಯನ್ನೂ ಹಾಗೇ ತಾನೇ ಕರೆಯುವುದು. ಮತ್ತೆ ನಾನು —