ಸಾಧ್ಯವಾದಾಗ ಬದಲಾಯಿಸಿಕೊಳ್ಳಿ

ಮಾರ್ಚ್ 26, ಮಂಗಳವಾರ

ಮತ್ತೆ ಅದೇ ವಾಕ್ಯ. ಹೊಸ ಆವೃತ್ತಿಗೆಂದು ಬೆಳಿಗ್ಗೆಯಿಂದ ತಿದ್ದುತ್ತಿದ್ದೇನೆ. ಬೇರೆಯವರು ತಮ್ಮ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ನಮ್ಮ ಕೋಡ್ ಲೈಬ್ರರಿಯಲ್ಲಿ ಒಂದು ಹಳೆಯ ಫಂಕ್ಷನ್, ಅಂದರೆ ಕೋಡಿನ ತುಣುಕು, ಊರ ಗಡಿಯಾರ ನಂಬಿ ಗಂಟೆ ಎಣಿಸುತ್ತದೆ. ಈ ದೇಶದಲ್ಲಿ ಬೇಸಿಗೆಗೆಂದು ಊರಿಗೆ ಊರೇ ಗಡಿಯಾರ ಒಂದು ಗಂಟೆ ಮುಂದಿಡುವ ರಾತ್ರಿ ಲೆಕ್ಕ ತಪ್ಪುತ್ತದೆ. ಅದನ್ನು ಕೈಬಿಡಿ ಎಂದು ಪ್ರೋಗ್ರಾಮರುಗಳಿಗೆ ಎಚ್ಚರಿಕೆ ಬರೆಯುವುದು ನನ್ನ ಕೆಲಸ. ಬರೆದದ್ದಕ್ಕೆಲ್ಲ ಬೆಣ್ಣೆ ಸವರುವುದು ಬಾಸ್ ಕೆಲಸ. ಅದಕ್ಕೇ ‘ಬೆಣ್ಣೆ ಸರ್’ ಎಂದು ಹೆಸರಿಟ್ಟಿದ್ದೇನೆ. ನಾನು: ‘ಬಳಸಬೇಡಿ.’ ಅವರು: ‘ಸಾಧ್ಯವಾದಾಗ ಬದಲಾಯಿಸಿಕೊಳ್ಳಿ.’

“ಹೆದರಿಸಿದ್ರೆ ಜನ ಓಡಿಹೋಗ್ತಾರಮ್ಮ.”

ಓಡಲಿ! ಎಚ್ಚರಿಕೆ ಮತ್ತೇಕೆ?

ಮಾರ್ಚ್ 27, ಸಂಜೆ

ಅಕ್ಕನ ಫೋನ್. ಆಸ್ಪತ್ರೆಯಲ್ಲಿ ನರ್ಸ್ ಅವಳು. ನೋವಿನ ಇಂಜೆಕ್ಷನ್ ಇಡುವ ಬೀರುವಿಗೆ ಅಲ್ಲಿ ಕಂಪ್ಯೂಟರ್ ಬೀಗ. ಒಂದು ಡೋಸ್ ಕೊಟ್ಟು ನಾಲ್ಕು ಗಂಟೆಯಾದ ಮೇಲೇ ತೆರೆಯಬೇಕು. ಹೋದ ವರ್ಷ ಗಡಿಯಾರ ಮುಂದಿಟ್ಟ ರಾತ್ರಿ ಒಂದು ಗಂಟೆ ಮೊದಲೇ ತೆರೆದಿತ್ತಂತೆ; ಹೊತ್ತಾಯಿತೆಂದು ಕೊಟ್ಟೇಬಿಟ್ಟರಂತೆ.

“ಬಾಗಿಲ ಪಕ್ಕದ ಬೆಡ್ಡಿನ ಅಜ್ಜ ಮಧ್ಯಾಹ್ನದ ತನಕ ಕಣ್ಣೇ ಬಿಡ್ಲಿಲ್ಲ ಕಣೇ. ಜೀವ ಬಾಯಿಗೆ ಬಂದಿತ್ತು. ನನ್ನ ವಾರ್ಡು ನಾನು ನೋಡ್ಕೋತೀನಿ, ಬೇರೆ ವಾರ್ಡಿನ ಗತಿ?”

ಬೀರು ಕಂಪನಿಯ ಹೆಸರು ಕೇಳಿ ನಮ್ಮ ಪಟ್ಟಿ ನೋಡಿದೆ: ಆ ಬೀಗದೊಳಗೆ ಗಂಟೆ ಎಣಿಸುವುದು ನಮ್ಮದೇ ಫಂಕ್ಷನ್. ಈ ಶನಿವಾರ ರಾತ್ರಿ ಮತ್ತೆ ಗಡಿಯಾರ ಮುಂದೆ...

ಮಾರ್ಚ್ 28

ಅಕ್ಕನ ಆಸ್ಪತ್ರೆಯ ಕಂಪ್ಯೂಟರ್ ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ಪಾಪದ ಮನುಷ್ಯ.

“ನಿಮ್ಮ ಎಚ್ಚರಿಕೆ ದಿನಾ ಸ್ಕ್ರೀನಲ್ಲಿ ಬರುತ್ತೆ ಮೇಡಂ. ‘ಸಾಧ್ಯವಾದಾಗ’ ಅಂತಿದೆ. ಅರ್ಜೆಂಟೇನಿಲ್ವಲ್ಲ ಅಂತಾರೆ ನಮ್ಮ ಆಫೀಸರ್. ನೀವು ಫೋನು, ಈಮೇಲು ಮಾಡಿದ್ರೆ ಅವರ ಹತ್ರ ನಡೆಯಲ್ಲ. ಎಚ್ಚರಿಕೆಯಲ್ಲೇ ‘ಅಪಾಯ’ ಅಂತ ಬರ್ಲಿ, ತಕ್ಷಣ ಪರ್ಮಿಷನ್ ತಗೋತೀನಿ.”

ಬೆಣ್ಣೆ ಸರ್ ಮುಂದೆ ಗೋಗರೆದೆ. “ಮುಂದಿನ ಮೀಟಿಂಗಲ್ಲಿ ನೋಡೋಣ.” ಮೈಯೆಲ್ಲ ಉರಿಯಿತು.

ಮಾರ್ಚ್ 30, ಶನಿವಾರ, ಮಧ್ಯಾಹ್ನ

ಯಾರನ್ನೂ ಕೇಳಲಿಲ್ಲ. ಎಚ್ಚರಿಕೆ ಹೀಗೆ ತಿದ್ದಿ ಹೊಸ ಆವೃತ್ತಿ ಬಿಡುಗಡೆ ಮಾಡಿದೆ —

‘ಗಡಿಯಾರ ಮುಂದಿಡುವ ರಾತ್ರಿ ಇದು ಒಂದು ಗಂಟೆ ತಪ್ಪು ಎಣಿಸುತ್ತದೆ. ಔಷಧಿಗೆ ಬಳಸಿದ್ದರೆ ಜೀವಕ್ಕೆ ಅಪಾಯ. ಇಂದೇ ಬದಲಾಯಿಸಿ. ಗೊತ್ತಾಗದಿದ್ದರೆ ಫೋನ್ ಮಾಡಿ.’

ಕೆಳಗೆ ನನ್ನದೇ ನಂಬರ್.

ಮೊದಲ ಫೋನ್ ಬೆಣ್ಣೆ ಸರ್‌ದು. “ತಲೆ ಕೆಟ್ಟಿದೆಯಾ ನಿನಗೆ? ಸೋಮವಾರ ಬಂದು ನನ್ನ ನೋಡು.” ದನಿಯಲ್ಲಿ ಬೆಣ್ಣೆಯ ಸುಳಿವೇ ಇರಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಫೋನ್ ಚಾರ್ಜಿಗೆ ಹಾಕಿದೆ.

ಸಂಜೆ

“ಪರ್ಮಿಷನ್ ಸಿಕ್ತು ಮೇಡಂ, ಎಲ್ಲಾ ಬೀರುಗಳನ್ನೂ ಸರಿಮಾಡಿದೆ” ಎಂದ ಟೆಕ್ನಿಷಿಯನ್. ಅಕ್ಕನಿಗೆ ಹೇಳುತ್ತ ಅತ್ತೇಬಿಟ್ಟೆ.

“ಅಳೋದ್ಯಾಕೆ ಹುಚ್ಚಿ, ಊಟ ಮಾಡಿ ಮಲ್ಕೋ.”

ರಾತ್ರಿ — ಗಡಿಯಾರ ಆಗಲೇ ಮುಂದಕ್ಕೆ

ಗುರುತಿಲ್ಲದ ನಂಬರ್. ಯಾವುದೋ ಸಣ್ಣ ನರ್ಸಿಂಗ್ ಹೋಮ್, ಹೆಂಗಸಿನ ದನಿ.

“ನೀವೇನಾ ಸ್ಕ್ರೀನಲ್ಲಿ ಬಂದ ಎಚ್ಚರಿಕೆ ಬರೆದೋರು? ನಮ್ಮಲ್ಲೂ ಅಂಥದೇ ಬೀರು. ಕಂಪ್ಯೂಟರ್ ನೋಡ್ಕೊಳ್ಳೋರು ರಜೆ. ನಂಗೇನೂ ಬರಲ್ಲ. ಹೇಳಿ, ಬರ್ಕೊಂಡು ಬೀರುವಿಗೆ ಅಂಟಿಸ್ತೀನಿ.”

ನಾಲಿಗೆ ತಪ್ಪಬಾರದೆಂದು ಇಲ್ಲೇ ಬರೆದು ಓದಿ ಹೇಳುತ್ತಿದ್ದೇನೆ —

‘ಬೀಗ ತೆರೆದರೂ ಇಂಜೆಕ್ಷನ್ ಕೊಡಬೇಡಿ. ಗಡಿಯಾರ ಮುಂದಿಟ್ಟ ಒಂದು ಗಂಟೆ ಬಿಟ್ಟು, ಹಿಂದಿನ ಡೋಸಿನಿಂದ ನಾಲ್ಕು ಗಂಟೆ ನೀವೇ ಎಣಿಸಿ. ಸಾಧ್ಯವಾದ —’

ಹೊಡೆದುಹಾಕಿದೆ.

“ಮೇಡಂ... ಬೀಗ ಟಕ್ ಅಂತು. ಪೇಷಂಟ್ ನೋವು ಅಂತ ಕೂಗ್ತಿದಾರೆ. ಕೊಡ್ಲಾ?”

‘ಬೇಡ. ಹಿಂದಿನದು ಎಷ್ಟು ಹೊತ್ತಿಗೆ ಕೊಟ್ಟಿರಿ? ಅಲ್ಲಿಂದ ನಾಲ್ಕು ಗಂಟೆ ಒಟ್ಟಿಗೇ ಎಣಿಸೋಣ, ಫೋನ್ ಇಡಬೇಡಿ.’